ಬಂದ್ ದಿನದ ಗೂಡು

ನಮ್ಮಪ್ಪ ಮಾರುಕಟ್ಟೆಯ ಒಳಗೆ ತಕ್ಕಡಿಯ ಮುಂದೆ ನಿಂತಿದ್ದರು. ಅವರ ದನಿ ಮಾತ್ರ ಹೊರಗೆ, ಲಗೇಜ್ ಆಟೋಗಳ ಸಾಲಿನಿಂದ ಬರುತ್ತಿತ್ತು.

"ಬೆಳೆಗಾರ ಬಂಧುಗಳೇ, ರೇಷ್ಮೆ ಗೂಡು ಅಂದ್ರೆ ಏನು? ಮನೆ ಮಗಳು ಇದ್ದಂಗೆ. ಕದ್ದುಮುಚ್ಚಿ ಯಾರ್ಗೋ ಕೊಟ್ಟು ಕಳಿಸ್ಬಾರ್ದು. ಸರ್ಕಾರದ ಮಾರ್ಕೆಟ್‌ಗೆ ತರಬೇಕು. ನಾಕ್ ಜನದ ಮುಂದೆ ಹರಾಜು ಕೂಗಬೇಕು."

ಅದೇ ಗಂಟಲು, ಅದೇ ಎಳೆತ, 'ಸರ್ಕಾರ' ಎನ್ನುವಾಗ ಮೂಗಿನಿಂದ ಹೊರಡುವ ಅದೇ ಗತ್ತು. ನಾನು ಖಾಲಿ ಚೀಲಗಳನ್ನು ಕಂಕುಳಲ್ಲಿ ಇರುಕಿಕೊಂಡು ಹೋಗಿ ನೋಡಿದೆ. ಆಟೋದ ಹಿಂಭಾಗ ಹತ್ತಿ ನಿಂತ ಒಬ್ಬ ಸಣಕಲ ಯುವಕ ಸ್ಪ್ಯಾನರನ್ನು ಮೈಕಿನಂತೆ ಹಿಡಿದು, ಹೆಗಲ ಟವೆಲ್ ಸರಿಮಾಡಿಕೊಳ್ಳುತ್ತ ಭಾಷಣ ಬಿಗಿಯುತ್ತಿದ್ದ. ಡ್ರೈವರುಗಳೆಲ್ಲ ಹೊಟ್ಟೆ ಹಿಡಿದುಕೊಂಡಿದ್ದರು. ನನ್ನನ್ನು ಕಂಡು ಒಬ್ಬೊಬ್ಬರೇ ನಗು ನುಂಗಿದರು.

"ಮಗಳನ್ನ ಹರಾಜು ಕೂಗಬೇಕು ಅಂತ ನಮ್ಮಪ್ಪ ಯಾವಾಗ ಹೇಳಿದ್ರು?" ಎಂದೆ.

ಹೆದರಿ ಕೆಳಗಿಳಿಯುತ್ತಾನೆ ಅಂದುಕೊಂಡಿದ್ದೆ. ಅವನು ಕತ್ತು ಒಂದಿಷ್ಟು ಓರೆ ಮಾಡಿ, ಕಣ್ಣು ಕಿರಿದಾಗಿಸಿ, ನಮ್ಮಪ್ಪನ ದನಿಯಲ್ಲೇ ಹೇಳಿದ: "ಬಾ ಮಗ, ಬಿಸ್ಲಲ್ಲಿ ಯಾಕ್ ನಿಂತಿದ್ದೀಯೆ? ಒಸಿ ನೀರು ಕುಡಿ."

ಸಿಟ್ಟು ಗಂಟಲವರೆಗೂ ಬಂದಿತ್ತು. ಅಲ್ಲಿ ದಾರಿ ತಪ್ಪಿ ನಗುವಾಗಿ ಹೊರಬಿತ್ತು. ನನ್ನ ಮೊದಲ ತಪ್ಪು ಅದೇ. ಮಿಮಿಕ್ರಿ ಮಾಡುವವನ ಎದುರು ಒಂದು ಸಲ ನಕ್ಕರೆ, ಆಮೇಲೆ ಅವನು ಬೇರೆ ಕೆಲಸ ಇಟ್ಟುಕೊಳ್ಳುವುದಿಲ್ಲ.

ಅವನ ಹೆಸರು ಅನಂತರಾಜು. ನಮ್ಮ ಪಕ್ಕದೂರಿನವನು. ಡಿಗ್ರಿ ಎರಡನೇ ವರ್ಷದಲ್ಲಿ ಅಪ್ಪ ತೀರಿಕೊಂಡಾಗ ಕಾಲೇಜು ಬಿಟ್ಟು ಲಗೇಜ್ ಆಟೋ ಹಿಡಿದಿದ್ದ. ಕೂಟಗಲ್ ಹೋಬಳಿಯ ಅರ್ಧ ಗೂಡು ಅವನ ಗಾಡಿಯಲ್ಲೇ ರಾಮನಗರಕ್ಕೆ ಬರುತ್ತಿತ್ತು. ಮನೆಯಲ್ಲಿ ತಾಯಿ ಗಂಗಲಕ್ಷ್ಮಮ್ಮ ಒಬ್ಬರೇ. ಎರಡೆಕರೆ ಹೊಲವಿತ್ತು. ಆದರೆ ಆ ವರ್ಷಗಳಲ್ಲಿ ಬಿಡದಿಯ ಕಡೆಯಿಂದ ಕಾರ್ಖಾನೆಗಳು ಒಂದೊಂದಾಗಿ ನಮ್ಮತ್ತ ನಡೆದುಬರುತ್ತಿದ್ದವು. ಆ ಎರಡೆಕರೆಯ ಪಹಣಿಯ ಮೇಲೆ 'ಕೈಗಾರಿಕೆಗೆ' ಎಂದು ಆಗಲೇ ಷರಾ ಬಿದ್ದಿತ್ತು.

ನಮ್ಮಪ್ಪ ಹನುಮಂತಯ್ಯ ರೇಷ್ಮೆ ಬೆಳೆಗಾರರ ಸಂಘದ ಅಧ್ಯಕ್ಷರು. ಸರ್ಕಾರಿ ಮಾರುಕಟ್ಟೆಯ ಹೊರಗೆ ಗೂಡು ಮಾರುವುದು ಕಾನೂನಿಗೆ ವಿರುದ್ಧ. ಅಪ್ಪನಿಗೆ ಅದು ದೇವರಿಗೇ ವಿರುದ್ಧ. ಹೊರಗಿನ ದಲ್ಲಾಳಿಗಳು ತೂಕದಲ್ಲಿ ಹೇಗೆ ಮೋಸ ಮಾಡುತ್ತಾರೆಂದು ಐವತ್ತು ಊರುಗಳಲ್ಲಿ ನಿಂತು ಭಾಷಣ ಮಾಡಿ, ಬೆಳೆಗಾರರಿಂದ ಆಣೆ ಹಾಕಿಸಿದವರು. ನಾನು ಲತಾಮಣಿ, ಅವರ ಒಬ್ಬಳೇ ಮಗಳು. ಬಿ.ಎ. ಮುಗಿಸಿ, ಬೇರೆಲ್ಲೂ ಹೋಗದೆ ಹುಳದ ಮನೆಯ ಯಜಮಾನಿಕೆ ವಹಿಸಿಕೊಂಡವಳು. ಹೋಬಳಿಯಲ್ಲಿ ನನ್ನ ಗೂಡಿನಷ್ಟು ಗಟ್ಟಿ ಗೂಡು ಇನ್ನೊಬ್ಬರದಿರಲಿಲ್ಲ. ಇದನ್ನು ಜಂಬ ಎನ್ನುವವರು ಬಂದು ಮುಟ್ಟಿ ನೋಡಬಹುದಿತ್ತು.

ಪ್ರತಿ ಬೆಳೆಗೂ ಅವನ ಆಟೋ ನಮ್ಮನೆಗೆ ಬರತೊಡಗಿತು.

"ಅಧ್ಯಕ್ಷರೇ, ಈ ಸಲ ಗೂಡು ಚೆನ್ನಾಗಿದೆ."

"ಅಧ್ಯಕ್ಷರು ನಮ್ಮಪ್ಪ. ನೀವು ಗೂಡು ನೋಡ್ಕೊಂಡು ಚೀಲ ಎತ್ತಿ."

"ಗೂಡನ್ನೂ ನೋಡ್ತಿದೀನಿ."

ಆ 'ನೂ' ಅನ್ನು ಅವನು ಚೀಲಕ್ಕಿಂತ ಜೋಪಾನವಾಗಿ ಇಳಿಸಿಟ್ಟ. ನಾನು ಕಂಡೂ ಕಾಣದವಳಂತೆ ಚಂದ್ರಿಕೆಯಿಂದ ಗೂಡು ಬಿಡಿಸುತ್ತಿದ್ದೆ. ಬಿದಿರಿನ ಆ ದೊಡ್ಡ ತಟ್ಟೆಯ ಸುರುಳಿಗಳ ಸಂದಿನಿಂದ ನೋಡಿದರೆ ಎದುರಿನವರಿಗೆ ನಮ್ಮ ಕಣ್ಣು ಕಾಣುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ಕಾಣುತ್ತದೆ ಎಂದು ಆಮೇಲೆ ಅವನೇ ಹೇಳಿದ.

ದಿನಕ್ಕೆ ಮೂರು ಸಲ ಹುಳಕ್ಕೆ ಸೊಪ್ಪು ಹಾಕುತ್ತಿದ್ದ ನಾನು ಅವನಿಗೆ ಮಾತ್ರ ಸೊಪ್ಪು ಹಾಕುತ್ತಿಲ್ಲವೆಂದೇ ನಂಬಿದ್ದೆ. ಅಮ್ಮ ನಂಬಿರಲಿಲ್ಲ. ರೇಷ್ಮೆ ಹುಳ ಗೂಡು ಕಟ್ಟುವ ಮುನ್ನ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿ ಸುಮ್ಮನೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಒಂದು ಸಂಜೆ ತಟ್ಟೆಯಲ್ಲಿ ಮುದ್ದೆ ಇಟ್ಟುಕೊಂಡು ನಾನೂ ಹಾಗೇ ಕೂತಿದ್ದೆ. ಅಮ್ಮ ವೆಂಕಟಲಕ್ಷ್ಮಮ್ಮ ಸಾರು ಬಡಿಸುತ್ತ ಕೇಳಿದರು: "ನಿಂದು ಎಷ್ಟ್ನೇ ಜ್ವರ ಮಗ?"

ಹೀಗಿರುವಾಗ ಆ ಫೆಬ್ರವರಿ ಬಂತು. ಕಾವೇರಿ ತೀರ್ಪು, ಗಲಾಟೆ, ಬಂದ್. ಅಪ್ಪ ರೈತರ ಜೊತೆ ಮಂಡ್ಯಕ್ಕೆ ಹೋಗಿ ಅಲ್ಲೇ ಉಳಿದರು. ಮೊಬೈಲ್ ಸ್ವಿಚ್ ಆಫ್. ಮಾರುಕಟ್ಟೆಗೆ ಬೀಗ. ಇತ್ತ ನನ್ನ ಗೂಡು ಬಿಡಿಸಿ ನಾಲ್ಕು ದಿನವಾಗಿತ್ತು. ಇನ್ನೊಂದು ದಿನ ಕಳೆದರೆ ಒಳಗಿನ ಹುಳ ಚಿಟ್ಟೆಯಾಗಿ, ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ತೆಗೆಯಲಾಗುವುದಿಲ್ಲ. ಒಂದು ತಿಂಗಳು ಮಗುವಿನಂತೆ ಸಾಕಿದ್ದು ಕಸವಾಗುತ್ತದೆ.

ಬೆಳಗ್ಗೆ ಆರಕ್ಕೆ ಅನಂತುವಿಗೆ ಫೋನ್ ಮಾಡಿದೆ. ಅವನು ಹೊಲದ ದಾರಿಯಲ್ಲಿ ಆಟೋ ತಂದ.

"ನೂಲು ತೆಗೆಯೋ ರೀಲರ್ ನಜೀರ್ ಸಾಹೇಬರ ಹತ್ರ ಕೊಟ್ಟುಬನ್ನಿ," ಎಂದೆ. "ತೂಕದಲ್ಲಿ ಮೋಸ ಮಾಡೋರಲ್ಲ. ಅವರ ಹತ್ರ ಬಾಯ್ಲರ್ ಇದೆ. ಇವತ್ತೇ ಹಬೆ ಹಾಯಿಸಿದರೆ ಚಿಟ್ಟೆ ಏಳಲ್ಲ, ಗೂಡು ಉಳಿಯುತ್ತೆ."

"ಮಾರ್ಕೆಟ್ ಹೊರಗೆ?"

"ಹೂಂ."

"ಅಧ್ಯಕ್ಷರ ಮನೆಯಿಂದ?"

"ಅದಕ್ಕೇ ಹೇಳ್ತಿರೋದು. ಏನೇ ಆಗಲಿ, ನಮ್ಮಪ್ಪನ ಹೆಸರು ನಿಮ್ಮ ಬಾಯಿಂದ ಬರಬಾರದು."

ಅವನು ಟವೆಲ್ ಸರಿಮಾಡಿಕೊಂಡು ಅಪ್ಪನ ದನಿ ಎಳೆದ: "ನನ್ ಹೆಸ್ರು ನಾನೇ ಯಾಕ್ ಹೇಳ್ಕಳ್ಳಿ?"

"ತಮಾಷೆ ಅಲ್ಲ ಅನಂತು."

ಅವನು ನಿಂತ. ಹೆಸರು ಹಿಡಿದು ನಾನು ಕರೆದದ್ದು ಅದೇ ಮೊದಲು. ಗೂಡಿನ ಚೀಲದ ಮೇಲೆ ಅಂಗೈಯಿಟ್ಟು, "ಹೆಸರು ಬರಲ್ಲ," ಎಂದಷ್ಟೇ ಹೇಳಿ ಆಟೋ ಹತ್ತಿದ.

ನಜೀರ್ ಸಾಹೇಬರ ಓಣಿಗೆ ಇನ್ನೊಂದು ತಿರುವು ಇದ್ದಾಗ ರೇಷ್ಮೆ ಇಲಾಖೆಯ ತಪಾಸಣೆಯವರು ಹಿಡಿದರು. ಗೂಡು ಯಾರದು, ಯಾರಿಗೆ ಎಂದು ಕೇಳಿದರು. ಅವನು ರೇಡಿಯೋದವರ ದನಿಯಲ್ಲಿ ಹವಾಮಾನ ವರದಿ ಓದಿದ್ದು ಬಿಟ್ಟು ಇನ್ನೇನನ್ನೂ ಹೇಳಲಿಲ್ಲವಂತೆ. ವಾರಸುದಾರರಿಲ್ಲದ ಮಾಲು ಕದ್ದ ಮಾಲೇ ಆಗಬೇಕೆಂದು ಕಳ್ಳತನದ ಕೇಸೂ ಸೇರಿತು. ಜಪ್ತಿಯಾದ ಚೀಲಗಳು ಠಾಣೆಯ ಮೂಲೆಯಲ್ಲಿದ್ದವು. ಎರಡನೇ ದಿನ ಚಿಟ್ಟೆಗಳು ಹೊರಬಂದು ಇನ್‌ಸ್ಪೆಕ್ಟರ್ ಸಾಹೇಬರ ಟೋಪಿ, ಎಫ್‌ಐಆರ್ ಪುಸ್ತಕ, ಎಲ್ಲದರ ಮೇಲೂ ಮೊಟ್ಟೆಯಿಟ್ಟವು.

ಅಪ್ಪ ವಾಪಸು ಬಂದಾಗ ನಾನು, "ಊಜಿ ನೊಣ ಬಿದ್ದು ಗೂಡೆಲ್ಲ ಹಾಳಾಯ್ತು, ಗುಂಡಿ ತೋಡಿ ಮುಚ್ಚಿದೆ," ಎಂದೆ. ಅಮ್ಮ ಒಲೆಯ ಕಡೆ ತಿರುಗಿಕೊಂಡರು. ಅಪ್ಪ ನನ್ನ ತಲೆ ಸವರಿ, "ಹೋಗ್ಲಿ ಬುಡು ಮಗ, ಮುಂದ್ಲ ಬೆಳೆ ಐತೆ," ಎಂದರು. ಹೊಡೆದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಎರಡು ದಿನದಲ್ಲಿ ಬೇಲ್ ಆಗುತ್ತದೆ ಎಂದುಕೊಂಡೆ. ಬೇಲ್ ಆಯಿತು ಕೂಡ, ಆದರೆ ಹೊರಬರಲು ಜಮೀನಿನ ಶ್ಯೂರಿಟಿ ಬೇಕಿತ್ತು. ಶ್ಯೂರಿಟಿಗೆ ಗಂಗಲಕ್ಷ್ಮಮ್ಮ ಪಹಣಿ ಹಿಡಿದು ಹೋದರೆ, ಕಾರ್ಖಾನೆಗೆ ಹೋಗಲಿರುವ ಜಮೀನು ನಡೆಯುವುದಿಲ್ಲ ಎಂದರು. ಇನ್ನೊಬ್ಬರ ಪಹಣಿ ಕೇಳೋಣವೆಂದರೆ, ಕಳ್ಳತನದ ಕೇಸಿಗೆ ಸಹಿ ಹಾಕಲು ಊರಲ್ಲಿ ಯಾರೂ ಮುಂದೆ ಬರಲಿಲ್ಲ.

ಗುರುವಾರ ಸಬ್‌ಜೈಲಿನಲ್ಲಿ ಭೇಟಿಯ ದಿನ. ಗಂಗಲಕ್ಷ್ಮಮ್ಮನ ಜೊತೆ ನಾನೂ ಹೋದೆ. ಜಾಲರಿಯ ಆಚೆ ಅವನ ಮುಖ ಸಣ್ಣ ಸಣ್ಣ ಚೌಕಗಳಾಗಿ ಕಾಣುತ್ತಿತ್ತು. ಒಂದು ಚೌಕದಲ್ಲಿ ಕಣ್ಣು, ಇನ್ನೊಂದರಲ್ಲಿ ಅರ್ಧ ನಗು. ನಾನು ಒಂದೊಂದೇ ಕೂಡಿಸಿಕೊಂಡೆ.

"ಹೆಂಗಿದೀರಾ?"

"ಮದುವೆ ಛತ್ರ ಇದ್ದಂಗೈತೆ ಅಧ್ಯಕ್ಷರೇ. ಐವತ್ತು ಜನಕ್ಕೆ ಕಟ್ಟಿದ್ದು, ನೂರ ಮೂವತ್ತು ಜನ ಬಂದವ್ರೆ. ಊಟಕ್ಕೂ ಪಂಕ್ತಿ, ಮಲಗೋಕೂ ಪಂಕ್ತಿ. ಒಬ್ಬ ಮಗ್ಗುಲು ಬದಲಾಯಿಸಬೇಕಾದ್ರೆ ಸಾಲಲ್ಲಿರೋ ಹನ್ನೆರಡು ಜನ ಸೇರಿ ತೀರ್ಮಾನ ಮಾಡ್ಬೇಕು."

"ನಗ್ತೀಯಲ್ಲೋ," ಎಂದರು ಗಂಗಲಕ್ಷ್ಮಮ್ಮ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ.

"ಅಳೋಕೂ ಜಾಗ ಇಲ್ಲ ಕಣವ್ವ ಒಳಗೆ." ಆಮೇಲೆ ನನ್ನತ್ತ ತಿರುಗಿ ಹೇಳಿದ: "ನಮ್ದು ಒಂದೇ ಅಕ್ಷರದ ತೊಂದರೆ. ಜಮೀನು ಐತೆ, ಜಾಮೀನು ಇಲ್ಲ."

ಆಮೇಲೆ ವಾರ್ಡರ್ ಗಂಗಯ್ಯನವರ ಕೆಮ್ಮನ್ನು ಮಾಡಿ ತೋರಿಸಿದ. ಮೊದಲು ಬೀಗದ ಕೈಗೊಂಚಲು ಅಲ್ಲಾಡುವ ಸದ್ದು, ಆಮೇಲೆ ಕೆಮ್ಮು, ಕೊನೆಗೆ 'ಹೋಯ್'. ಹಿಂದೆಯೇ ನಿಂತಿದ್ದ ಗಂಗಯ್ಯ ಗಂಭೀರವಾಗಿ ಹೇಳಿದರು: "ನನ್ ಕೆಮ್ಮು ಅಂಗಿಲ್ಲ ಕಣ್ಲಾ. ಇನ್ನೊಂದ್ಸಲ ಮಾಡು."

ಹಿಂತಿರುಗುವ ಬಸ್ಸಿನಲ್ಲಿ ಗಂಗಲಕ್ಷ್ಮಮ್ಮ ನನ್ನ ಕೈ ಹಿಡಿದುಕೊಂಡು, "ನನ್ ಮಗ ಕಳ್ಳ ಅಲ್ಲ ಕಣವ್ವ, ನೀನೊಬ್ಳಾದ್ರೂ ನಂಬು," ಎಂದರು. ನಾನು ಕಿಟಕಿಯಾಚೆ ಹೊಸ ಕಾರ್ಖಾನೆಯ ಕಾಂಪೌಂಡನ್ನು ಅದು ಮುಗಿಯುವವರೆಗೂ ನೋಡಿದೆ.

ಮುಂದಿನ ಗುರುವಾರ ಅವರು ಬುತ್ತಿಯ ಚೀಟಿ ಬರೆಸಲು ಆಚೆ ಹೋದಾಗ ಪಿಸುಗುಟ್ಟಿದೆ: "ನಾನು ಹೇಳಿಬಿಡ್ತೀನಿ."

"ಬೇಡ. ಇನ್ನೊಂದು ವಾರ ನೋಡೋಣ."

ಅದರ ಮುಂದಿನ ಗುರುವಾರವೂ ಅದನ್ನೇ ಹೇಳಿದ. ಒಂದೊಂದು ವಾರವಾಗಿ ನಾಲ್ಕು ತಿಂಗಳಾಯಿತು. ಅವನು ಬೇಡ ಎನ್ನುತ್ತಿದ್ದುದರಿಂದ ಸುಮ್ಮನಿದ್ದೆ ಎಂದರೆ ಅರ್ಧ ಸತ್ಯ. ಐವತ್ತು ಊರಿನ ಜನ ಅಪ್ಪನನ್ನು ನೋಡಿ ನಗುವುದನ್ನು ಕಣ್ಣ ಮುಂದೆ ತಂದುಕೊಂಡಾಗೆಲ್ಲ ನನ್ನ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಅವನ ನಗು ಪ್ರತಿ ವಾರ ಒಂದು ಚೌಕ ಕಡಿಮೆಯಾಗುತ್ತ ಬಂದಿತ್ತು. ಕೆಮ್ಮನ್ನು ಈಗ ಅನುಕರಿಸಬೇಕಾಗಿರಲಿಲ್ಲ, ಅವನಿಗೇ ಹಿಡಿದಿತ್ತು.

ಜೂನ್ ಮೊದಲ ವಾರ ಜಡ್ಜ್ ಮೇಡಂ ಜೈಲು ನೋಡಲು ಬಂದರಂತೆ. ಬ್ಯಾರಕ್ಕಿನ ಬಾಗಿಲಲ್ಲಿ ಚಪ್ಪಲಿ ಇಡುವಷ್ಟು ಜಾಗವನ್ನೂ ಕಾಣದೆ ಅಲ್ಲೇ ನಿಂತುಬಿಟ್ಟರಂತೆ. ಹೊಡೆದಾಟ ಬಡಿದಾಟ ಇಲ್ಲದ ಸಣ್ಣಪುಟ್ಟ ಕೇಸಿನವರ ಪಟ್ಟಿಯಾಯಿತು. ಶನಿವಾರ ಜೈಲಿನಲ್ಲೇ ಅದಾಲತ್. ತಪ್ಪು ಒಪ್ಪಿಕೊಂಡವರಿಗೆ ಒಳಗೆ ಕಳೆದ ದಿನಗಳೇ ಶಿಕ್ಷೆ, ಅವತ್ತೇ ಮನೆಗೆ. ನಲವತ್ತೊಂದು ಹೆಸರಿನಲ್ಲಿ ಏಳನೆಯದು ಅನಂತರಾಜು.

ಗಂಗಲಕ್ಷ್ಮಮ್ಮ ಮೈಸೂರುಪಾಕು ತಂದು ಗಂಗಯ್ಯನವರಿಗೂ ಹಂಚಿದರು. ನಾನು ಜಾಲರಿಗೆ ಮೂಗು ತಾಗುವಷ್ಟು ಹತ್ತಿರ ಹೋದೆ.

"ಶನಿವಾರ ಎಷ್ಟು ಗಂಟೆಗೆ ಬರಲಿ?"

"ಬರಬೇಡಿ."

"ಯಾಕೆ?"

"ನಾನು ಬಿಡುಗಡೆ ಆಗಲ್ಲ."

ತಮಾಷೆಯೆಂದು ನಕ್ಕೆ. ಅವನು ನಗಲಿಲ್ಲ.

"ಏನಂತ ಒಪ್ಪಿಕೋಬೇಕು ಗೊತ್ತಾ? ಗೂಡು ಕದ್ದೆ ಅಂತ."

"ಒಂದೇ ಸಾಲು ಅನಂತು. ರುಜು ಹಾಕಿ ಬಂದುಬಿಡಿ."

"ಮಾರ್ಕೆಟ್ ಹೊರಗೆ ಸಾಗಿಸಿದ್ದು ನಿಜ. ಅದನ್ನ ನೂರು ಸಲ ಬರ್ಕೊಡ್ತೀನಿ. ಕದ್ದೆ ಅಂತ ಬರೆಯಲ್ಲ. ನಾಳೆ ಯಾರ ಮನೆ ಮುಂದೆ ಆಟೋ ನಿಲ್ಲಿಸಿದ್ರೂ ಅವರು ಮೊದಲು ಬಾಗಿಲು ಹಾಕ್ಕೋತಾರೆ. ನಮ್ಮವ್ವ ನೀರಿಗೆ ಹೋದ್ರೆ ಕಳ್ಳನ ತಾಯಿ ಬಂದ್ಲು ಅಂತಾರೆ. ನಂಗೆ ಇಲ್ಲಿ ಮಲಗೋಕೆ ಜಾಗ ಇಲ್ಲ, ನಿಜ. ಆದ್ರೆ ಕಳ್ಳ ಅಂತ ರುಜು ಹಾಕಿ ಆಚೆ ಬಂದ್ರೆ ಎಲ್ಲೂ ನಿಲ್ಲೋಕೆ ಜಾಗ ಇರಲ್ಲ."

ಆ ದನಿ ಯಾರದೆಂದು ಗುರುತಿಸಲು ನನಗೆ ಒಂದು ಕ್ಷಣ ಬೇಕಾಯಿತು. ಅಪ್ಪನದಲ್ಲ, ಗಂಗಯ್ಯನದಲ್ಲ, ರೇಡಿಯೋದವರದಲ್ಲ. ಸ್ವಲ್ಪ ಒರಟಾದ, ಅವಸರವಿಲ್ಲದ ದನಿ. ಎರಡು ವರ್ಷದ ಪರಿಚಯದಲ್ಲಿ ಅವನದೇ ದನಿಯನ್ನು ಇಷ್ಟು ಹೊತ್ತು ಒಟ್ಟಿಗೆ ಕೇಳಿದ್ದು ಅದೇ ಮೊದಲು. ಅಳು ಬರಬೇಕಿತ್ತು. ಬಂದದ್ದು ಹೆಮ್ಮೆ. ನಮ್ಮ ಹೋಬಳಿಯಲ್ಲಿ ಇಷ್ಟು ನೆಟ್ಟಗೆ ನಿಂತವರು ಯಾರಿದ್ದಾರೆ ಎಂದು ಯೋಚಿಸಿದೆ. ನೆಟ್ಟಗೆ ನಿಂತಿದ್ದವನು ಜಾಲರಿಯ ಆಚೆಗಿದ್ದ. ನಾನು ಈಚೆ ಬಗ್ಗಿಕೊಂಡಿದ್ದೆ.

"ಹಾಗಾದ್ರೆ ಗೂಡು ಯಾರದು ಅಂತ ಹೇಳಿ."

"ಮಾತು ಕೊಟ್ಟಿದೀನಿ."

"ಆ ಮಾತು ನಾನು ವಾಪಸ್ ತಗೊಂಡೆ."

"ಕೊಟ್ಟೋನು ನಾನು. ನೀವು ಹೆಂಗೆ ವಾಪಸ್ ತಗೋತೀರಾ ಅಧ್ಯಕ್ಷರೇ?" ಎಂದು ಕೆಮ್ಮಿದ. ಜಾಲರಿಯ ಮೇಲಿದ್ದ ನನ್ನ ಬೆರಳ ತುದಿಗೆ ಎದುರಾಗಿ ತನ್ನ ಬೆರಳ ತುದಿಯಿಟ್ಟ. ಒಂದು ಚೌಕದಷ್ಟೇ ಜಾಗ. ಅದರಲ್ಲಿ ಅವನ ಬಿಸಿ ಗೊತ್ತಾಗುತ್ತಿತ್ತು.

ಶನಿವಾರ ಬೆಳಗ್ಗೆ ಅಪ್ಪ ತೋಟದಲ್ಲಿ ಹಿಪ್ಪುನೇರಳೆ ಕೊಯ್ಯುತ್ತಿದ್ದರು. ನಾನು ಸಾಲಿನ ಈ ತುದಿಯಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಕುಡುಗೋಲು ನಿಂತಿತು.

"ಊಜಿ ನೊಣ ಅಂದಿದ್ದೆ."

"ಸುಳ್ಳು ಹೇಳಿದ್ದೆ ಅಪ್ಪ."

"ಕುದೂರಿನ ಸಿದ್ದಯ್ಯ ಹೊರಗ್ ಮಾರ್ದ ಅಂತ ತುಂಬಿದ ಸಭೇಲಿ ಎಬ್ಬಿಸಿ ನಿಲ್ಲಿಸಿವ್ನಿ ನಾನು."

"ಗೊತ್ತು."

"ಈಗ ನೀನ್ ಹೋಗಿ ಅಲ್ಲಿ ನಿಂತ್ಕಂಡು ಗೂಡು ನಮ್ದು ಅಂತೀಯ."

"ಹೂಂ."

"ಹೋಗ್ಬ್ಯಾಡ ಅಂದ್ರೆ?"

"ಹೋಗ್ತೀನಿ. ನಮ್ಮ ಮರ್ಯಾದೆ ಉಳಿಸೋಕೆ ಅವನು ನಾಲ್ಕು ತಿಂಗಳಿಂದ ಒಳಗಿದ್ದಾನೆ. ನೀನು ಈಗ ಊರಲ್ಲಿ ಓಡಾಡ್ತಿರೋದು ಅವನ ಮರ್ಯಾದೆ ಮೇಲೆ ಅಪ್ಪ, ನಮ್ಮದರ ಮೇಲಲ್ಲ."

ಅಪ್ಪ ನನ್ನನ್ನು ನೋಡಲಿಲ್ಲ. ಬಗ್ಗಿ, ಮುಂದಿನ ಗಿಡದ ಬುಡಕ್ಕೆ ಕುಡುಗೋಲು ಹಾಕಿದರು. ನಾನು ಒಂಬತ್ತರ ಬಸ್ಸು ಹತ್ತಿದೆ.

ಜೈಲಿನ ಅಂಗಳದಲ್ಲಿ ಶಾಮಿಯಾನ, ಒಂದು ಮೇಜು, ಜಡ್ಜ್ ಮೇಡಂ, ಪಕ್ಕದಲ್ಲಿ ಸರ್ಕಾರಿ ವಕೀಲರು. ಗೋಡೆಯುದ್ದಕ್ಕೂ ಮನೆಯವರು ಬಟ್ಟೆ ಗಂಟು ಹಿಡಿದು ಕೂತಿದ್ದರು. ಸೈಕಲ್ ಕದ್ದವನು, ಇಸ್ಪೀಟಿನಲ್ಲಿ ಸಿಕ್ಕಿಬಿದ್ದ ಮೂವರು, ಪಕ್ಕದ ಮನೆಯ ಕೋಳಿ ಹಿಡಿದವನು. ಹೆಸರು ಕೂಗಿದಂತೆ ಬಂದು, ಒಪ್ಪಿಕೊಂಡು, ಹೆಬ್ಬೆಟ್ಟೊತ್ತಿ ಹೋದರು. ಏಳನೆಯವನು ಮೇಜಿನ ಮುಂದೆ ಬಂದ.

"ಸಾಗಿಸಿದ್ದು ಒಪ್ಪುತ್ತೀನಿ ಮೇಡಂ. ಕದ್ದಿದ್ದು ಒಪ್ಪಲ್ಲ," ಎಂದ ಅನಂತು.

ಜಡ್ಜ್ ಮೇಡಂ ಕನ್ನಡಕದ ಮೇಲಿನಿಂದ ನೋಡಿದರು. "ಒಪ್ಪಿಕೊಂಡರೆ ಇವತ್ತೇ ಮನೆಗೆ ಹೋಗಬಹುದು. ಇಲ್ಲದಿದ್ದರೆ ಕೇಸು ಎಷ್ಟು ದಿನವೋ ಹೇಳೋಕಾಗಲ್ಲ. ಅರ್ಥ ಆಯ್ತಾ?"

"ಆಯ್ತು ಮೇಡಂ."

"ಕದ್ದಿಲ್ಲ ಅಂದ್ರೆ ಗೂಡು ಯಾರದು?"

ಅವನು ಶಾಮಿಯಾನದ ಕಂಬ ನೋಡಿದ. ಸರ್ಕಾರಿ ವಕೀಲರು ಫೈಲು ಮುಚ್ಚುವುದರಲ್ಲಿದ್ದರು.

"ನಂದು," ಎಂದೆ.

ಎದ್ದು ನಿಂತೆ. "ನನ್ನ ಹೆಸರು ಲತಾಮಣಿ. ಗೂಡು ಬೆಳೆದವಳು ನಾನು. ಬಂದ್ ದಿನ ಮಾರ್ಕೆಟ್ ಮುಚ್ಚಿತ್ತು, ಚಿಟ್ಟೆ ಹೊರಡೋದರಲ್ಲಿತ್ತು. ನಾನೇ ಇವರ ಆಟೋಗೆ ಹಾಕಿಸಿ ನಮ್ಮ ಹೆಸರು ಹೇಳಬೇಡಿ ಅಂದೆ. ಹೇಳಲಿಲ್ಲ. ಇವರು ಏನನ್ನೂ ಕದ್ದಿಲ್ಲ."

ಅನಂತು ಕಂಬ ಬಿಟ್ಟು ನನ್ನನ್ನು ನೋಡಿದ. ಜಾಲರಿಯಿಲ್ಲದೆ ಅವನ ಮುಖ ಇಡಿಯಾಗಿ ಕಂಡಿತು. ಬಡಕಲಾಗಿತ್ತು. ಗಡ್ಡ ಬಂದಿತ್ತು. ಕಣ್ಣಲ್ಲಿ ಬೈಗುಳವೂ ಇತ್ತು, ಬೇರೆಯದೂ ಇತ್ತು. ಬೈಗುಳ ಒಸಿ ಕಮ್ಮಿ.

"ನಿಮ್ಮ ಮೇಲೂ ಕೇಸಾಗಬಹುದು, ಗೊತ್ತೇನಮ್ಮ?" ಎಂದರು ಜಡ್ಜ್.

"ಗೊತ್ತು ಮೇಡಂ."

"ಯಾರನ್ನೋ ಬಿಡಿಸೋಕೆ ಯಾರು ಬೇಕಾದರೂ ನಂದು ಅನ್ನಬಹುದು," ಎಂದರು ಸರ್ಕಾರಿ ವಕೀಲರು. "ನಿಮ್ಮದೇ ಅನ್ನೋದಕ್ಕೆ ಏನು ರುಜುವಾತು?"

"ಪಾಸ್‌ಬುಕ್ಕು ನನ್ ಹೆಸ್ರಲ್ಲೈತೆ ಸ್ವಾಮಿ."

ಅಪ್ಪನ ದನಿ. ಇಂಥ ಹೊತ್ತಿನಲ್ಲೂ ಮಿಮಿಕ್ರಿಯೇ ಎಂದು ಅನಂತುವನ್ನು ದುರುಗುಟ್ಟಿ ನೋಡಿದೆ. ಅವನ ಬಾಯಿ ಮುಚ್ಚಿತ್ತು. ಅವನೂ ಬೆಚ್ಚಿ ಗೇಟಿನ ಕಡೆ ನೋಡುತ್ತಿದ್ದ. ಗಂಗಯ್ಯನವರ ಪಕ್ಕದಲ್ಲಿ, ಸಭೆಗೆಂದು ಇಟ್ಟ ಬಿಳಿ ಅಂಗಿ ತೊಟ್ಟು, ಅಪ್ಪ ನಿಂತಿದ್ದರು.

ಅವರು ಮೇಜಿನವರೆಗೆ ನಡೆದುಬಂದು ರೇಷ್ಮೆ ಇಲಾಖೆಯ ಪಾಸ್‌ಬುಕ್ ಇಟ್ಟರು. "ಹನುಮಂತಯ್ಯ, ಬೆಳೆಗಾರರ ಸಂಘದ ಅಧ್ಯಕ್ಷ. ಆ ಬೆಳೆಗೆ ಮೊಟ್ಟೆ ತಂದಿದ್ದು ಇದ್ರಲ್ಲೈತೆ, ಮಾರ್ಕೆಟ್‌ನಲ್ಲಿ ಮಾರಿದ್ದು ಇಲ್ಲ. ಗೂಡು ನಮ್ದೇ. ಮಗ್ಳು ಮಾಡಿದ್ದು ತಪ್ಪು. ನಾನಾಗಿದ್ರೆ ಚಿಟ್ಟೆ ಹಾರೋದ್ರೆ ಹಾರೋಗ್ಲಿ ಅಂತಿದ್ದೆ. ಆದ್ರೆ ತಪ್ಪು ಅಂತ ಎದ್ದು ನಿಂತು ಹೇಳದನ್ನ ನಾನು ಕಲಿಸ್ದೋನಲ್ಲ, ಅವಳಾಗೇ ಕಲ್ತವ್ಳೆ. ಶಿಕ್ಷೆ ಇದ್ರೆ ನಂಗೂ ಸೇರ್ಸಿ ಬರೀರಿ."

ಜಡ್ಜ್ ಮೇಡಂ ಪಾಸ್‌ಬುಕ್ ತಿರುಗಿಸಿ ನೋಡಿ ಸರ್ಕಾರಿ ವಕೀಲರಿಗೆ ಕೊಟ್ಟರು. ಇಬ್ಬರೂ ತಲೆ ಹತ್ತಿರ ತಂದು ಮಾತಾಡಿದರು. ಕೊನೆಗೆ ಮೇಡಂ ಬರೆಸಿದ್ದು ಇಷ್ಟು: ಮಾಲಿನ ಒಡೆಯರು ತಾವೇ ಕೊಟ್ಟದ್ದೆಂದು ಹೇಳಿರುವುದರಿಂದ ಕಳ್ಳತನದ ಆರೋಪ ನಿಲ್ಲುವುದಿಲ್ಲ. ಸಾಗಿಸಿದ ತಪ್ಪಿಗೆ ಆರೋಪಿ ಆಗಲೇ ಬೇಕಾದ್ದಕ್ಕಿಂತ ಹೆಚ್ಚು ದಿನ ಒಳಗಿದ್ದಾನೆ. ಇವತ್ತೇ ಬಿಡುಗಡೆ. "ನಿಮಗೆ ನೋಟಿಸ್ ಬರುತ್ತೆ, ಇಬ್ಬರೂ ನನ್ನ ಕೋರ್ಟಿಗೆ ಬನ್ನಿ," ಎಂದು ನಮಗೆ ಹೇಳಿ, "ಎಂಟನೆಯವರು" ಎಂದರು.

ಅನಂತು ರುಜು ಹಾಕಿದ. ಪ್ರತಿ ಅಕ್ಷರವನ್ನೂ ಬಿಡಿಸಿ, ಉದ್ದಕ್ಕೆ.

ಗೇಟಿನ ಹೊರಗೆ ಅಪ್ಪ ಅವನನ್ನು ಮೇಲಿನಿಂದ ಕೆಳಗೆ ನೋಡಿದರು. "ನನ್ನಂಗೇ ಮಾತಾಡ್ತೀಯಂತೆ?"

"ಅದು... ಸುಮ್ನೆ ತಮಾಷೆಗೆ ಸಾರ್."

"ನಾಕು ತಿಂಗ್ಳು ಬಾಯಲ್ಲಿ ನನ್ ಹೆಸ್ರು ಬರಲಿಲ್ವಲ್ಲೋ." ಅವನ ಭುಜದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಅಲ್ಲೇ ಬಿಟ್ಟರು. ಆಮೇಲೆ ನನಗೆ ಹೇಳಿದರು: "ಸಂಘದ ಆಫೀಸಿಗೆ ಹೋಗ್ಬತ್ತೀನಿ. ರಾಜೀನಾಮೆ ಕೊಡ್ಬೇಕು. ಇನ್ಯಾರೋ ಹೇಳೋಕ್ಮುಂಚೆ ನಾನೇ ಹೇಳ್ಬೇಕು." ಬಿಳಿ ಅಂಗಿಯ ಬೆನ್ನು ಒಂದಿಷ್ಟೂ ಬಾಗದೆ ದೂರ ಹೋಯಿತು. ಅವರನ್ನು ಆ ದಿನ ನೋಡಿದಷ್ಟು ಎತ್ತರವಾಗಿ ನಾನು ಯಾವ ವೇದಿಕೆಯ ಮೇಲೂ ನೋಡಿಲ್ಲ.

ಉಳಿದದ್ದು ಗಂಗಲಕ್ಷ್ಮಮ್ಮ. ಅವರು ಮಗನ ಮುಖವನ್ನು ಎರಡೂ ಕೈಯಲ್ಲಿ ತಡವಿ ಮುಗಿಸಿ ನನ್ನತ್ತ ತಿರುಗಿದರು.

"ಅಷ್ಟು ಗುರುವಾರ ಬಸ್ಸಲ್ಲಿ ನನ್ ಪಕ್ಕದಲ್ಲೇ ಕೂತಿದ್ಯಲ್ಲವ್ವ."

"ತಪ್ಪಾಯ್ತು," ಎಂದೆ.

ಅವರು ಸೆರಗನ್ನು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ಬುತ್ತಿ ಡಬ್ಬಿಯನ್ನು ನನ್ನ ಕೈಗೆ ತುರುಕಿ, "ಇದ್ನ ಹಿಡ್ಕೊ. ಮುದ್ದೆ ತಿಂದು ಬೆಳೆದೋನು, ಹೆಂಗಾಗವ್ನೆ ನೋಡು," ಎಂದರು. "ನಾನ್ ಮುಂದ್ ಹೋಗಿ ಬಸ್ಸಲ್ಲಿ ಸೀಟ್ ಹಿಡಿತೀನಿ. ನೀವು ನಿಧಾನಕ್ ಬನ್ನಿ." ಬಸ್ ಸ್ಟ್ಯಾಂಡಿಗೆ ಅರ್ಧ ಗಂಟೆಯ ದಾರಿ. ಬಸ್ಸಿಗೆ ಇನ್ನೂ ಒಂದೂವರೆ ಗಂಟೆಯಿತ್ತು. ಅವರು ಹಿಂತಿರುಗಿ ನೋಡದೆ ಬಿರಬಿರನೆ ನಡೆದರು.

ನಾವಿಬ್ಬರೇ ಉಳಿದೆವು. ನಡುವೆ ಜಾಲರಿ ಇಲ್ಲದಿದ್ದುದರಿಂದ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಅವನು ರೈಲ್ವೆ ಹಳಿಯ ಪಕ್ಕದ ಓಣಿಗೆ ತಿರುಗಿದ.

"ಯಾಕೆ ಈ ಕಡೆ?"

"ಮೇನ್ ರೋಡಲ್ಲಿ ಮಾರ್ಕೆಟ್ ಐತೆ. ಹರಾಜು ಮುಗಿಯೋ ಹೊತ್ತು. ನಿಮ್ಮನ್ನ ಎಲ್ಲರೂ ಗುರುತು ಹಿಡಿತಾರೆ. ಜೈಲಿಂದ ಬಂದೋನ ಜೊತೆ..."

"ಮೇನ್ ರೋಡಲ್ಲೇ ಹೋಗೋಣ," ಎಂದೆ.

ಮಾರುಕಟ್ಟೆಯ ಬಾಗಿಲಿನಿಂದ ಬೆಳೆಗಾರರು ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಹೊರಬರುತ್ತಿದ್ದರು. ನಡುಹಗಲ ಬಿಸಿಲು. ಹಾಯ್ದುಹೋಗುವ ಮುಖಗಳೆಲ್ಲ ಪರಿಚಯದವೇ. ಅನಂತು ಅರ್ಧ ಹೆಜ್ಜೆ ಹಿಂದೆ ಉಳಿದ. ನಾನೂ ಅರ್ಧ ಹೆಜ್ಜೆ ನಿಧಾನ ಮಾಡಿದೆ.

ಟೀ ಅಂಗಡಿಯ ಮುಂದೆ ಕುದೂರಿನ ಸಿದ್ದಯ್ಯ ನಿಂತಿದ್ದ. ಸಭೆಯಲ್ಲಿ ಅಪ್ಪ ಎಬ್ಬಿಸಿ ನಿಲ್ಲಿಸಿದ್ದ ಅದೇ ಸಿದ್ದಯ್ಯ. ಲೋಟ ಕೆಳಗಿಟ್ಟು ಎಲ್ಲರಿಗೂ ಕೇಳುವಂತೆ ಕೇಳಿದ: "ಏನವ್ವಾ ಅಧ್ಯಕ್ಷರ ಮಗಳೇ, ಇವ್ನು ಆ ಗೂಡು ಕದ್ದೋನಲ್ವಾ?"

ಅನಂತು ಇನ್ನೂ ಅರ್ಧ ಹೆಜ್ಜೆ ಹಿಂದೆ ಸರಿದ.

"ಕದ್ದಿಲ್ಲ ಸಿದ್ದಯ್ಯಣ್ಣ. ಗೂಡು ನಮ್ಮದು. ಬಂದ್ ದಿನ ನಾನೇ ಮಾರ್ಕೆಟ್ ಹೊರಗೆ ಕೊಟ್ಟು ಕಳಿಸಿದ್ದೆ. ನಮ್ಮನ್ನ ಕಾಪಾಡೋಕೆ ಇವರು ಒಳಗಿದ್ರು. ಇವತ್ತು ಜಡ್ಜ್ ಎದುರಿಗೆ ಹೇಳಿ ಬಂದೆ, ನಿಮಗೂ ಹೇಳ್ತಿದೀನಿ." ಸುತ್ತ ಹತ್ತಿಪ್ಪತ್ತು ಜನ ಸೇರಿದ್ದರು. "ಇವರು ಅನಂತರಾಜು. ನಾನು ಮದುವೆ ಆಗೋರು."

ಸಿದ್ದಯ್ಯ ಟೀ ಲೋಟವನ್ನು ಮತ್ತೆ ಕೈಗೆತ್ತಿಕೊಂಡ. ಗುಂಪಿನಲ್ಲಿ ಯಾರೋ, "ಅಂಗಾದ್ರೆ ಊಟ ಯಾವಾಗವ್ವಾ?" ಎಂದರು.

ನಾಲ್ಕು ಹೆಜ್ಜೆ ನಡೆದ ಮೇಲೆ ಅನಂತು ಹೇಳಿದ: "ನನ್ನನ್ನ ಒಂದು ಮಾತು ಕೇಳ್ಬೇಕಿತ್ತು."

"ಈಗ ಕೇಳ್ತಿದೀನಿ. ಆಗ್ತೀರಾ?"

ಅವನು ರಸ್ತೆಯ ನಡುವೆಯೇ ನಿಂತ. ಎಲ್ಲರೂ ನೋಡುತ್ತಿದ್ದರು. ನನ್ನ ಬಲಗೈಯಲ್ಲಿದ್ದ ಡಬ್ಬಿಯನ್ನು ಮೆಲ್ಲಗೆ ಬಿಡಿಸಿ ನನ್ನ ಎಡಗೈಗೆ ಕೊಟ್ಟ. ಖಾಲಿಯಾದ ಬಲಗೈಯನ್ನು ತಾನು ಹಿಡಿದುಕೊಂಡ. ಸೊಪ್ಪು ಕೊಯ್ದು ಒರಟಾದ ಕೈ. ಅವನದೇನೂ ಮೆತ್ತಗಿರಲಿಲ್ಲ.

"ಹ್ಞೂಂ," ಎಂದ.

ಹಿಂದಿನಿಂದ ಮಾಗಡಿ ಬಸ್ಸು ಹಾರ್ನ್ ಹೊಡೆಯಿತು. "ಪಕ್ಕಕ್ ಬನ್ರಪ್ಪಾ, ಬಸ್ ಬತ್ತಾ ಐತೆ," ಎಂದು ಸಿದ್ದಯ್ಯ ಕೂಗಿದ. ನಾವು ಪಕ್ಕಕ್ಕೆ ಹೋಗಲಿಲ್ಲ. ಬಸ್ಸೇ ಒಸಿ ಓರೆಯಾಗಿ, ನಮ್ಮನ್ನು ಬಳಸಿಕೊಂಡು ಹೋಯಿತು.